ಗೋಣಿಸೊಪ್ಪಿನ ಸಾಕ್ಷಿ

ಗಿಡ ನೋಡಿ ಮಣ್ಣಿನ ಗುಣ ಹೇಳುವುದರಲ್ಲಿ ಸೇಲಂ, ಧರ್ಮಪುರಿ ಎರಡು ಜಿಲ್ಲೆಗಳಲ್ಲೂ ನನ್ನ ಸಮ ಯಾರೂ ಇರಲಿಲ್ಲ. ಕೊನ್ನಾರಿ ಹುಲ್ಲು ಕಂಡರೆ ನೀರು ನಿಲ್ಲುವ ನೆಲ, ತಂಗಡಿ ಕಂಡರೆ ಒಣನೆಲ ಎಂದು ಯಾರು ಬೇಕಾದರೂ ಹೇಳಿಯಾರು. ನಾನು ಸೇಲಂ ಜಂಕ್ಷನ್ನಿನ ಹಳಿಗಳ ನಡುವಿನ ಹುಲ್ಲು ನೋಡಿ, ಬೆಂಗಳೂರು ರೈಲು ಎಷ್ಟು ತಡ ಎಂದು ಹೇಳಿದವನು. ಸ್ಟೇಷನ್ ಮಾಸ್ಟರು ಎದ್ದು ಕುರ್ಚಿ ಬಿಟ್ಟುಕೊಟ್ಟಿದ್ದರು.

೧೯೯೪ರಲ್ಲಿ ನನ್ನ ಅಕ್ಕನ ಮಗಳು ಈಶ್ವರಿಗೆ ಕಾರಿಮಂಗಲಂನ ನೇಕಾರರ ಮನೆಯಿಂದ ಸಂಬಂಧ ಬಂತು. ಹುಡುಗ ರಾಜಗೋಪಾಲ್ ಅವಳಿಗೆ ಎಷ್ಟು ಹಿಡಿಸಿದ್ದನೆಂದರೆ, ಅವನ ಗುಂಗಿನಲ್ಲಿ ಆರು ಗಜದ ಸೀರೆಯನ್ನು ಹದಿನಾರು ಗಜ ನೇಯ್ದುಬಿಟ್ಟಿದ್ದಳು. ಆದರೆ ನಮ್ಮಲ್ಲಿ ಸೋದರಮಾವ ಒಪ್ಪದೆ ವೀಳ್ಯ ಬದಲಾಗುವುದಿಲ್ಲ. ಹಾಗಾಗಿ ನಾನು ಹೋದೆ.

ಬೇರೆಯವರು ಹುಡುಗನನ್ನು ನೋಡಿದರು. ನಾನು ನೇರ ಹಿತ್ತಿಲಿಗೆ ನಡೆದೆ. ಅಲ್ಲಿ ಇನ್ನೊಂದು ಕಡ್ಡಿಯಿಲ್ಲ, ಬರೀ ಗೋಣಿಸೊಪ್ಪು, ಒಂದೊಂದು ಎಲೆ ಆನೆಯ ಕಿವಿಯಷ್ಟು! ಉಪ್ಪುನೆಲದಲ್ಲಿ ಮಿಕ್ಕಿದ್ದೆಲ್ಲ ಸತ್ತರೂ ಅದು ಕೊಬ್ಬುತ್ತದೆ. ಸರಿ, ಹಿತ್ತಿಲಿಗೆ ಅಷ್ಟು ಉಪ್ಪು ಬಂದದ್ದು ಎಲ್ಲಿಂದ?

“ಈ ಮನೇಲಿ ಎಣ್ಮಕ್ಕಳು ಬಕೆಟ್‌ಗಟ್ಲೆ ಕಣ್ಣೀರು ಆಕವ್ರೆ. ಎಣ್ಣು ಕೊಡಾಕಾಗಲ್ಲ,” ಎಂದು ಘೋಷಿಸಿದೆ.

ಹುಡುಗನ ತಾಯಿ ಸಿದ್ದಲಕ್ಷ್ಮಮ್ಮ ನನ್ನ ಕೈಯಿಂದ ಕಾಫಿ ಲೋಟ ಕಿತ್ತುಕೊಂಡರು. “ಯೋವ್, ನಾನು ಅತ್ತಿದ್ದು ಈರುಳ್ಳಿ ಎಚ್ಚುವಾಗ ಮಾತ್ರ! ಏಳು ಮೇಲೆ!”

ಸುದ್ದಿ ಕೇಳಿದ ಈಶ್ವರಿ ನನ್ನ ರಟ್ಟೆ ಹಿಡಿದು ನಮ್ಮ ಹಿತ್ತಿಲಿಗೇ ಎಳೆದೊಯ್ದಳು.

“ಮಾವ, ಇದೇನು?”

ಗೋಣಿಸೊಪ್ಪು. ಕಾರಿಮಂಗಲಂನ ಎರಡರಷ್ಟು.

“ಅಂಗಾದ್ರೆ ಇಲ್ಲಿ ಅಳೋರು ಯಾರು?”

ಆಗಲೇ ನನ್ನ ಹೆಂಡತಿ ಸಣ್ಣಕ್ಕ, ನೂಲಿಗೆ ಬಣ್ಣ ಕಚ್ಚಲೆಂದು ಉಪ್ಪು ಬೆರೆಸಿ ಅದ್ದಿ ಮಿಕ್ಕ ನೀರನ್ನು ತಂದು, ಇಪ್ಪತ್ತು ವರ್ಷದಿಂದ ಸುರಿಯುವ ಜಾಗದಲ್ಲೇ ಸುರಿದಳು. “ನಾನೇ ಕಣೆ. ನಿಮ್ಮಾವ ಬಾಯಿ ಬಿಟ್ಟಾಗೆಲ್ಲ ಒಂದು ಬಕೆಟ್.”

ಬಣ್ಣದ ನೀರು! ಎರಡೂ ನೇಕಾರರ ಮನೆ, ಎರಡು ಹಿತ್ತಿಲಿಗೂ ಅದೇ ಉಪ್ಪು. ಆದರೂ ತಪ್ಪಾಯಿತು ಎಂದರೆ ನನ್ನ ವಿದ್ಯೆಯ ಗತಿಯೇನು?

“ನಾಳೆ ಮೊದಲ ಬಸ್ಸಿಗೆ ಓಗಿ ಸರಿಮಾಡು,” ಎಂದಳು ಈಶ್ವರಿ. “ಇಲ್ಲಾಂದ್ರೆ ಈ ಜನ್ಮಕ್ಕೆ ನಿನ್ನ ಮಾವ ಅನ್ನಲ್ಲ.”

ಹೋದೆ. ಒಂದು ಎಲೆ ಹಿಸುಕಿ ಕಣ್ಣು ಮುಚ್ಚಿದೆ. “ತಾಯಿ, ನೆನ್ನೆ ಅವಸರದಲ್ಲಿ ನೋಡ್ಬಿಟ್ಟೆ. ಎಲೆ ದಪ್ಪಗೈತೆ. ಇದು ನಕ್ಕು ನಕ್ಕು ಬಂದ ಕಣ್ಣೀರು!”

“ಅಂಗಾ?” ಎಂದರು ಸಿದ್ದಲಕ್ಷ್ಮಮ್ಮ. “ಮದುವೆ ದಿನ ಇದನ್ನೇ ಬಡಿಸ್ತೀನಿ. ನೀನು ತಿಂದು ಮುಗಿಸಿದ ಮೇಲೇ ತಾಳಿ.”

ಮದುವೆ ಅವರ ಮನೆ ಮುಂದಿನ ಚಪ್ಪರದಲ್ಲಿ. ನನ್ನೊಬ್ಬನ ಎಲೆಗೆ ಗೋಣಿಸೊಪ್ಪಿನ ಪಲ್ಯ ಬಿತ್ತು, ಏರ್ಕಾಡು ಬೆಟ್ಟದಷ್ಟು.

“ಉಪ್ಪು ಆಕಿಲ್ಲ,” ಎಂದರು ಬೀಗಿತ್ತಿ. “ನಮ್ಮ ಕಣ್ಣೀರೇ ಸಾಕು.”

ಅತ್ತ ತಾಳಿ ಹಿಡಿದು ರಾಜಗೋಪಾಲ್ ಕಾಯುತ್ತಿದ್ದ. ಈಶ್ವರಿಯ ಕಣ್ಣು ನನ್ನ ಎಲೆಯ ಮೇಲೆ. ತಿಂದೆ. ಬೆರಳಲ್ಲಿ ಬಳಿದು ತಿಂದೆ. ಗಟ್ಟಿಮೇಳ ಮೊಳಗಿತು.

ಆ ವಾರ ಆ ಹಿತ್ತಿಲಿಗೆ ಬಿದ್ದದ್ದು ನವಿಲುನೀಲಿ ಬಣ್ಣವಂತೆ. ಮದುವೆ ಫೋಟೋದಲ್ಲಿ ಎಲ್ಲರ ಹಲ್ಲೂ ಬಿಳಿ, ನನ್ನದೊಂದೇ ನೀಲಿ. ಅದನ್ನು ನೋಡಿ ಈಶ್ವರಿ ಅದೇ ಹಿತ್ತಿಲಲ್ಲಿ ನಿಂತು, ಕಣ್ಣಿಂದ ನೀರು ಸುರಿಯುವಷ್ಟು ನಕ್ಕಳು.

ನಾನು ಹೇಳಿರಲಿಲ್ಲವೇ?