ಹಿಂದಿನ ಕೋಣೆಯ ಮಗ್ಗ

“ರಂಡೇರ, ಗಿರಾಕಿ ಬಂದಾಗ ಹೊರಗ ಮಾರಿ ತೋರಸಬ್ಯಾಡ್ರಿ ಅಂತ ಎಷ್ಟ ಸಲ ಹೇಳಬೇಕು? ಒಳಗ ಸಾಯ್ರಿ.”

ಸಾವಕಾರ ಶಂಕರೆಪ್ಪ ನನ್ನ ನೂಲಿನ ಕಂಡಿಕೆಗಳ ಬುಟ್ಟಿಯನ್ನು ಕಾಲಿನಿಂದ ಒಳಗೆ ನೂಕಿ, ಹಿಂದಿನ ಕೋಣೆಯ ಬಾಗಿಲು ಎಳೆದುಕೊಂಡ. ಒಳಗೆ ನಾವಿಬ್ಬರೇ. ನೂಲು ಸುತ್ತುವವಳು ನಾನು, ಹೆಸರು ಅನಸವ್ವ. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತವಳು ತಾರವ್ವ. ಇಬ್ಬರೂ ಗಂಡ ಸತ್ತವರು.

ರಬಕವಿಯ ಮದುವೆ ಸೀರೆಗೆ ಸಂಸ್ಥಾನದ ದೊಡ್ಡ ಮನೆತನಗಳು ಆಳು ಕಳಿಸುತ್ತಿದ್ದ ಕಾಲ ಅದು. ವಿಧವೆ ಮುಟ್ಟಿದ ಸೀರೆಯನ್ನು ಮದುಮಗಳು ಉಡಬಾರದು. ಆದರೆ ತಾರವ್ವನಷ್ಟು ನಾಜೂಕಾಗಿ ಸೀರೆಯಂಚಿನ ದಡಿ ನೇಯುವ ಕೈ ಊರಲ್ಲಿ ಇನ್ನೊಂದಿರಲಿಲ್ಲ. ಅದಕ್ಕೇ ಅವಳು ಹಿಂದೆ ನೇಯುವುದು, ಮುಂದಿನ ಮಗ್ಗದಲ್ಲಿ ಕೂತ ಕಾಮಣ್ಣ ಅದು ತನ್ನ ಕೈಕೆಲಸವೆಂದು ಗಿರಾಕಿಗೆ ಹೇಳುವುದು. ನಾಲ್ಕು ವರ್ಷ ಹೀಗೇ ನಡೆಯಿತು. ಸಾವಕಾರನ ಮಡಿ ಒಂದು ಬಾಗಿಲಿನಷ್ಟೇ ದಪ್ಪ.

ಕಾಮಣ್ಣನ ಹೆಂಡತಿ ತೀರಿಹೋಗಿದ್ದಳು. ನೇಯ್ದ ಸೀರೆ ಒಯ್ಯಲು ಒಳಗೆ ಬಂದಾಗಲೆಲ್ಲ ಅವನು ಅದರ ಸೆರಗಿನ ಮೇಲೆ ಕೈಯಾಡಿಸುತ್ತ ನಿಲ್ಲುತ್ತಿದ್ದ. ಒಂದು ದಿನ ಉಡಿಕಿ ಮಾಡಿಕೊಳ್ಳೋಣವೆಂದು ತಾರವ್ವನನ್ನು ಕೇಳಿಯೇಬಿಟ್ಟ. ಹಿರಿಯರೂ ಒಪ್ಪಿದ್ದರಂತೆ. ವಿಧವೆಯ ಮರುಮದುವೆ ಕತ್ತಲಲ್ಲಿ, ಬಿಳಿ ಸೀರೆಯಲ್ಲಿ, ಮುತ್ತೈದೆಯರ ಕಣ್ಣಿಗೆ ಬೀಳದಂತೆ ಮುಗಿಯಬೇಕು, ಅಷ್ಟೇ.

ತಾರವ್ವನಿಗೂ ಅವನ ಮೇಲೆ ಜೀವವಿತ್ತು. ಅವನ ಹೆಜ್ಜೆ ಸಪ್ಪಳಕ್ಕೆ ಅವಳ ಲಾಳಿ ತಪ್ಪುವುದನ್ನು ನಾನು ದಿನಾ ನೋಡುತ್ತಿದ್ದೆ. ಆದರೂ ಅವಳು ಕೇಳಿದಳು:

“ನನ್ನ ಕೆಲಸಾನೂ ಕತ್ತಲದಾಗ, ಮದುವೀನೂ ಕತ್ತಲದಾಗೇನ್ರಿ? ಮೊದಲ ಈ ಸೀರಿ ಯಾರು ನೇಯ್ದಾರಂತ ನಾಕ ಮಂದಿ ಮುಂದ ಹೇಳ್ರಿ. ಆಮ್ಯಾಲ ಬರ್ತೀನಿ.”

ಕಾಮಣ್ಣ ತಲೆ ತಗ್ಗಿಸಿಕೊಂಡು ಹೋದ. ನನಗೆ ಸಿಟ್ಟು ನೆತ್ತಿಗೇರಿತು. ಗಂಡಸರ ಧೈರ್ಯ ನಾನು ಕಾಣದ್ದಲ್ಲ.

ಸಾವಕಾರನ ಮಗಳ ಮದುವೆ ಬಂತು. ಆ ಸೀರೆಯನ್ನೂ ತಾರವ್ವನೇ ನೇಯ್ದಳು. ಮಟಮಟ ಮಧ್ಯಾಹ್ನ, ಮುಂದಿನ ಮಗ್ಗದ ಹತ್ತಿರವೇ, ಬೀಗರ ಎದುರು, ಸಾವಕಾರ ಕಾಮಣ್ಣನ ತಲೆಗೆ ಮರ್ಯಾದೆಯ ರುಮಾಲು ಸುತ್ತಲು ಹೋದ. ನಾವಿಬ್ಬರೂ ಬಾಗಿಲ ಸಂದಿಯಿಂದ ನೋಡುತ್ತಿದ್ದೆವು. ಕಾಮಣ್ಣ ಕೈ ಅಡ್ಡ ಹಿಡಿದ.

“ನನಗ ಬ್ಯಾಡ್ರಿ. ಇದನ್ನ ನೇಯ್ದಾಕಿ ತಾರವ್ವ. ನಾಕ ವರ್ಸದ ಮದುವಿ ಸೀರಿ ಎಲ್ಲಾ ಆಕೀವ.”

ಬೀಗಿತ್ತಿ ಕೆಂಡ ಮುಟ್ಟಿದವಳಂತೆ ಕೈಯಲ್ಲಿದ್ದ ಸೀರೆಯನ್ನು ಕೆಳಗೆ ಒಗೆದಳು.

“ಉಂಡ ಮನಿ ಜಂತಿ ಎಣಸ್ತಿ ಏನಲೇ, ಸೂಳೇಮಗನ,” ಎಂದು ಸಾವಕಾರ ಅವನ ಕಪಾಳಕ್ಕೆ ಬಾರಿಸಿದ. ಅವನಿಗೂ ತಾರವ್ವನಿಗೂ ಊರಲ್ಲಿ ಮಗ್ಗ ಸಿಗದಂತೆ ಮಾಡುತ್ತೇನೆಂದ. ಸೀರೆಯನ್ನು ಸುಡಲು ಹೇಳಿದ.

ಆಗ ತಾರವ್ವ ಹಿಂದಿನ ಕೋಣೆಯ ಬಾಗಿಲು ತೆಗೆದು ಹೊರಗೆ ಬಂದಳು. ಸೀರೆ ಎತ್ತಿ, ಧೂಳು ಜಾಡಿಸಿ, ಉಟ್ಟ ಬಿಳಿ ಸೀರೆಯ ಮೇಲೆಯೇ ಸುತ್ತಿಕೊಂಡು, ಕಾಮಣ್ಣನ ಜೊತೆ ಬಿಸಿಲಿಗಿಳಿದಳು. ಓಣಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಅವಳು ತಲೆ ತಗ್ಗಿಸಲಿಲ್ಲ.

ಮೂರನೇ ದಿನ ದೂರದ ಊರಿನ ಗಿರಾಕಿ ಮದುವೆ ಸೀರೆಗೆ ಬಂದು ಕಟ್ಟೆಯ ಮೇಲೆ ಕೂತ. ಸಾವಕಾರ ನನ್ನ ಹತ್ತಿರ ಬಂದು ದನಿ ತಗ್ಗಿಸಿದ.

“ಅನಸವ್ವ, ನಿನಗೂ ನೇಯಾಕ ಬರ್ತದಲಾ? ಒಳಗ ಕೂಡು.”

ಹಿಂದಿನ ಕೋಣೆಯ ಬಾಗಿಲಿಗೆ ಹೊಸ ಅಗಳಿ ಹಾಕಿಸಿದ್ದ.

ನಾನು ಬುಟ್ಟಿ ಎತ್ತಿಕೊಂಡು ಹೋಗಿ ಕಾಮಣ್ಣನ ಖಾಲಿ ಮಗ್ಗದಲ್ಲಿ, ಬೀದಿಗೆ ಮುಖಮಾಡಿ ಕೂತೆ. ಗಿರಾಕಿ ನನ್ನ ಬೋಳು ಹಣೆಯನ್ನೇ ನೋಡುತ್ತಿದ್ದ. ಸಾವಕಾರ ಒದರುತ್ತಿದ್ದ. ನಾನು ಲಾಳಿ ಒಗೆದೆ.