ಒಂದೇ ಕುರ್ಚಿಯ ಕೋಣೆ

ನಾನು ಒಂದು ಸ್ಪೀಕರ್. ಎದೆಮಟ್ಟದ ಮರದ ಪೆಟ್ಟಿಗೆ, ಬಾಯಿ ಮಾತ್ರ ಮೂರು. ನನಗೊಬ್ಬ ಅವಳಿ ತಮ್ಮ. ಸಮುದ್ರದಾಚೆಯ ಚಿಕ್ಕ ಕಾರ್ಖಾನೆಯಲ್ಲಿ ನೆರೆಗೂದಲಿನ ಬಡಗಿಯೊಬ್ಬ ನಮ್ಮನ್ನು ಒಂದೇ ಹಲಗೆಯಿಂದ ಕೊಯ್ದು ಜೋಡಿಸಿದ. ಕಿವಿಗೆ ಬಂದದ್ದನ್ನು ಏನೂ ಮುಚ್ಚಿಡದೆ ಹೇಳಿಬಿಡುವುದು ನನ್ನ ಹುಟ್ಟುಗುಣ. ಅದರ ಬಗ್ಗೆ ಆಗ ನನಗೆ ಬಹಳ ಜಂಬವಿತ್ತು.

ಹುಬ್ಬಳ್ಳಿಯ ಟೈಲ್ಸ್ ವ್ಯಾಪಾರಿ ಮಲ್ಲೇಶಪ್ಪ ಬೆಳವಟಗಿಯವರು ಪುಣೆಯ ಅಂಗಡಿಯಿಂದ ನಮ್ಮನ್ನು ತಂದರು. ಹಿಂದೂಸ್ತಾನಿ ಖಯಾಲ್ ಗಾಯನ ಎಂದರೆ ಅವರಿಗೆ ಪ್ರಾಣ. ನಮಗೆಂದೇ ಕೋಣೆ ಕಟ್ಟಿಸಿ, ಗೋಡೆಗೆಲ್ಲ ಫೋಮ್ ಹೊಡೆಸಿ, ಹೊರಗಿನ ಸದ್ದು ಒಳಗೆ ಬಾರದಂತೆ ಬಾಗಿಲ ಸಂದಿಗೆ ರಬ್ಬರ್ ಹಾಕಿಸಿದರು. ಟೇಪು ಹಿಡಿದು ಅಳೆದು ನಮ್ಮಿಬ್ಬರ ಎದುರಿಗೆ ಸರಿಯಾಗಿ ಒಂದು ಕುರ್ಚಿ ಇಟ್ಟರು.

ಅವರ ಹೆಂಡತಿ ಶಕುಂತಲಾ ಬಾಗಿಲಲ್ಲಿ ನಿಂತು ನಕ್ಕರು. “ಹೈ ಎಂಡ್ ಸ್ಪೀಕರ್ ಅಂದ್ರ ಒಂದ ಕುರ್ಚಿ ಏನ್ರೀ?”

“ಹಾಡಾಕಿ ಉಸುರು ತಗೊಳ್ಳೂದು ಸುದ್ದಾ ಕೇಳಬೇಕು, ಅದು ಹೈ ಎಂಡ್. ಬಾಜೂಕ ಕುಂತ್ರ ಕೇಳಂಗಿಲ್ಲ.”

ಶಕುಂತಲಾ ಅವರಿಗೆ ಉಬ್ಬಸವಿತ್ತು. ಉಸಿರು ಕಟ್ಟಿದಾಗ ನೆಬ್ಯುಲೈಜರ್ ಎಂಬ ಪುಟ್ಟ ಯಂತ್ರ ಹಚ್ಚಿ, ಮೂಗಿಗೆ ಮಾಸ್ಕ್ ಹಿಡಿದು ಔಷಧ ಎಳೆದುಕೊಳ್ಳುತ್ತಿದ್ದರು. ಅದು ಶುರುವಾದರೆ ಸಾಕು, ಅದರ ಗದ್ದಲ ಕರೆಂಟಿನ ತಂತಿಯಲ್ಲೇ ಹರಿದು ಬಂದು ನನ್ನ ಬಾಯಲ್ಲಿ “ಗುಂಯ್” ಅನ್ನುತ್ತಿತ್ತು. ಅಗ್ಗದ ಸ್ಪೀಕರ್ ಆಗಿದ್ದರೆ ಅದನ್ನು ನುಂಗಿಬಿಡುತ್ತಿತ್ತು. ನನಗೆ ನುಂಗಲು ಬರುವುದಿಲ್ಲ.

ಯಜಮಾನರು ಫ್ರಿಜ್ಜು, ಫ್ಯಾನು ಎಲ್ಲ ಬಂದ್ ಮಾಡಿಸಿ ನೋಡಿದರು. ಕೊನೆಗೆ ಕಳ್ಳ ಸಿಕ್ಕಿಬಿದ್ದ.

“ಶಕೂ, ಹಾಡು ಮುಗಿಯೂ ಮಟಾ ಅದನ್ನ ಹಚ್ಚಬ್ಯಾಡ. ಆಮ್ಯಾಲೆ ಹಚ್ಚಿಕೋ.”

“ಆತ್ ಬಿಡ್ರೀ, ತಡಕೋತೇನಿ.”

ಅವರು ಕೆಟ್ಟವರಲ್ಲ. ಆಕೆಗೆ ಔಷಧ ತರುವುದನ್ನು ಒಮ್ಮೆಯೂ ಮರೆತವರಲ್ಲ. ಕೇಳುವ ಹುಚ್ಚು ಮಾತ್ರ ನೆತ್ತಿಗೇರಿತ್ತು, ಆ ಹುಚ್ಚಿಗೆ ತಕ್ಕವನಾಗಿ ನಾನು ಸಿಕ್ಕಿದ್ದೆ.

ಒಂದು ಮಧ್ಯಾಹ್ನ ದೀರ್ಘವಾದ ಖಯಾಲ್ ಒಂದನ್ನು ಹಾಕಿ ಬಾಗಿಲು ಮುಚ್ಚಿದರು. ಎಂದೋ ಸತ್ತುಹೋದ ಗಾಯಕಿಯ ಉಸಿರನ್ನು ನಾನು ಅವರ ಕಿವಿಯ ಹತ್ತಿರ ತಂದಿಟ್ಟೆ. “ವಾಹ್!” ಎಂದು ತೊಡೆ ತಟ್ಟಿಕೊಂಡರು. “ಇವತ್ತ ಒಂಚೂರೂ ಗುಂಯ್ ಇಲ್ಲ ನೋಡ್ರಪಾ!” ಎಂದು ನಮಗೇ ಹೇಳಿದರು. ನಾನೂ ಉಬ್ಬಿಹೋದೆ.

ಹಾಡು ಮುಗಿದು ಬಾಗಿಲು ತೆರೆದರು. ಶಕುಂತಲಾ ಹೊರಗೆ ಗೋಡೆಗೆ ಒರಗಿ ಕುಳಿತಿದ್ದರು. ಮಾಸ್ಕ್ ಮುಖದ ಮೇಲೇ ಇತ್ತು, ಯಂತ್ರ ಮಡಿಲಲ್ಲಿತ್ತು, ಬೆರಳು ಸ್ವಿಚ್ಚಿನ ಮೇಲಿತ್ತು. ಸ್ವಿಚ್ಚು ಮಾತ್ರ ಒತ್ತಿರಲಿಲ್ಲ.

“ಮುಗೀತು ಶಕೂ, ಹಚ್ಚಿಕೋ,” ಎಂದರು ಯಜಮಾನರು. ಆಮೇಲೆ ಕೂಗಿ ಹೇಳಿದರು. ಆಮೇಲೆ ಅಳುತ್ತಾ ತಾವೇ ಹಚ್ಚಿದರು.

ಈಗ ನನಗೂ ವಯಸ್ಸಾಗಿದೆ. ಗೋಡೆಯ ಫೋಮ್ ಪುಡಿಯಾಗಿ ಉದುರುತ್ತಿದೆ, ತಮ್ಮನ ಧ್ವನಿ ಬಿದ್ದುಹೋಗಿದೆ. ಬಾಗಿಲಿನ ರಬ್ಬರನ್ನು ಯಜಮಾನರು ಅಂದೇ ಕಿತ್ತೆಸೆದರು. ಕೋಣೆಗೆ ಇನ್ನೊಂದು ಕುರ್ಚಿ ಬಂದಿದೆ. ಸರಿಯಾದ ಜಾಗದ ಕುರ್ಚಿಯನ್ನು ಖಾಲಿ ಬಿಟ್ಟು, ಬಾಜೂಕಿನದರಲ್ಲಿ ಅವರು ಕೂರುತ್ತಾರೆ. ಹಾಡು ಹಾಕುವುದಿಲ್ಲ. ನನ್ನನ್ನು ಚಾಲೂ ಮಾಡಿ, ಪಕ್ಕದ ಕೋಣೆಗೆ ಹೋಗಿ ಆ ಯಂತ್ರ ಹಚ್ಚಿ ಬರುತ್ತಾರೆ.

ಗುಂಯ್ ಎನ್ನುತ್ತೇನೆ. ಅವರು ಕಣ್ಣು ಮುಚ್ಚಿ ಕೇಳುತ್ತಾರೆ.