ಜೋಳದ ಹೊಲದೊಳಗಿನ ಓಣಿ

"ನೀಲಿ ನಿಲುವಂಗಿ ಹಾಕ್ಕೊಂಡಿರೋ ಒಬ್ಬ ಮುದುಕಿ ನಿಮಗೆ ದಾರೀಲಿ ಎಲ್ಲಾದ್ರೂ ಸಿಕ್ಕಿದ್ರಾ?"

ಎದುರಿಗೆ ಬಂದ ಗಂಡ ಹೆಂಡತಿ ನಿಂತರು. ಬೆನ್ನಿಗೆ ಚೀಲ, ಕೈಯಲ್ಲಿ ನಡೆಗೋಲು, ಕಾಲಿಗೆ ಕೆಸರು ಮೆತ್ತಿದ ಒಳ್ಳೆಯ ಬೂಟು. ನಾಂತ್ ಪಟ್ಟಣದ ಕಡೆಯವರು ಇರಬೇಕು, ರಜೆ ಸಿಕ್ಕರೆ ಸಾಕು ಹಳೇ ಕೋಟೆ, ಹಳೇ ಗಿರಣಿ ಅಂತ ನಡೆದು ನೋಡುವ ಜನ. ಲೆಯೋನ್ಸ್ ಟೊಪ್ಪಿಗೆ ತೆಗೆದು ಎದೆಗೆ ಒತ್ತಿಕೊಂಡು, ಅವರ ಬಾಯನ್ನೇ ನೋಡುತ್ತ ನಿಂತಿದ್ದ.

"ಇಲ್ವಲ್ಲ ಯಜಮಾನ್ರೆ," ಅಂದಳು ಹೆಂಗಸು. "ವೆರ್ನೆ ಕೋಟೆ ಬಾಗಿಲಿಂದ ಇಲ್ಲೀವರೆಗೆ ಒಂದು ನರಪಿಳ್ಳೇನೂ ಕಾಣಲಿಲ್ಲ. ಎರಡು ಜಿಂಕೆ ನೋಡಿದ್ವಿ, ಅಷ್ಟೆ."

"ದಾರಿ ಮಾತ್ರ ಚೊಕ್ಕವಾಗಿದೆ," ಅಂದ ಗಂಡ. "ಕಣ್ಣು ಮುಚ್ಕೊಂಡು ನಡೆದ್ರೂ ತಪ್ಪೋದಿಲ್ಲ. ಈ ಹಳದಿ ಪಟ್ಟೆ ಯಾರು ಬಳಿದಿದಾರೋ, ಅವರ ಕೈ ತಣ್ಣಗಿರಲಿ."

ಬಳಿದವನು ಲೆಯೋನ್ಸೇ. ಪ್ರತಿ ವಸಂತದಲ್ಲೂ ಬಣ್ಣದ ಡಬ್ಬಿ ಹಿಡಿದು ಹೊರಟು, ನಡೆಯುವವರಿಗೆ ದಾರಿ ತೋರಲು ಮರಕ್ಕೊಂದು, ಗೂಟಕ್ಕೊಂದು ಪಟ್ಟೆ ಎಳೆಯುವುದು, ಹೋಗಬಾರದ ಕಡೆ ಅಡ್ಡಗೆರೆ ಹಾಕುವುದು ಅವನ ಕೆಲಸ. ಬೇರೆ ದಿನವಾಗಿದ್ದರೆ ಈ ಮಾತು ಕೇಳಿ ಅವನ ಹೊಟ್ಟೆ ತಂಪಾಗುತ್ತಿತ್ತು. ಈಗ ಅದು ಕಿವಿಗೇ ಬೀಳಲಿಲ್ಲ. ಬೆಳಿಗ್ಗೆಯಿಂದ ಇದೇ ಹಳದಿ ಪಟ್ಟೆ ಹಿಡಿದು ಮೇಲೆ ಕೋಟೆಯವರೆಗೆ, ಕೆಳಗೆ ಬಟ್ಟೆ ಒಗೆಯುವ ಕೊಳದವರೆಗೆ ಹೋಗಿ ಬಂದಿದ್ದ. ಕೊಳದ ನೀರಿಗೆ ಕೋಲು ಇಳಿಸಿ ತಳವನ್ನೆಲ್ಲ ತಡಕಿ ನೋಡಿದ್ದ. ಪೊಲೀಸರಿಗೆ ಫೋನ್ ಮಾಡಿದ್ದಾಗಿತ್ತು. ಹೊರಟಿದ್ದೇವೆ ಅಂದಿದ್ದರು. ಅವರು ಬರುವ ಊರು ದೂರ.

"ನಮ್ಮಕ್ಕ," ಅಂದ. "ಜೆಲಿ ಅಂತ. ವಯಸ್ಸಾಗಿದೆ, ನೆನಪು ಹಿಂದಕ್ಕೆ ಹೋಗ್ಬಿಟ್ಟಿದೆ. ನಾನು ಕೊಟ್ಟಿಗೇಲಿ ಬ್ರಷ್ ತೊಳೀತಾ ಇದ್ದೆ. ಬಂದು ನೋಡ್ತೀನಿ, ಹುರುಳಿಕಾಯಿ ಬುಟ್ಟಿ ಅಲ್ಲೇ ಇದೆ, ಬಾಗಿಲ ಹತ್ರ ಮರದ ಎಕ್ಕಡ ಇಲ್ಲ."

"ಅಯ್ಯೋ ಪಾಪ. ಕೈಯಲ್ಲಿ ಏನಾದ್ರೂ ಹಿಡ್ಕೊಂಡಿದ್ರಾ? ಕೊಡೆ, ಚೀಲ?"

"ಒಂದು ಬಟ್ಟೆ ಗಂಟು. ಬ್ರೆಡ್ಡು, ಬೆಣ್ಣೆ, ಒಂದು ಸೇಬು."

"ಬುತ್ತಿ ಕಟ್ಕೊಂಡು ಎಲ್ಲಿಗೆ ಹೊರಟಿದ್ರು?"

"ಶಾಲೆಗೆ," ಅಂದ ಲೆಯೋನ್ಸ್.

ಅಂದವನು ತನ್ನ ಬಾಯಿಂದ ಬಂದ ಮಾತನ್ನು ತಾನೇ ಆಗ ಕೇಳಿಸಿಕೊಂಡ.

ಕಳೆದ ಚಳಿಗಾಲದಿಂದ ಜೆಲಿಗೆ ಬೆಳಗಾದರೆ ಶಾಲೆಯ ಧ್ಯಾನ. ತಮ್ಮನ ಕೊರಳಪಟ್ಟಿ ಸರಿಮಾಡುವಳು, ಕಿವಿ ಹಿಂದೆ ಕೊಳೆ ಇದೆಯೇ ನೋಡುವಳು. "ಹೊತ್ತಾಯ್ತು ಏಳೋ, ಸಿಸ್ಟರು ಬೈತಾರೆ" ಅನ್ನುವಳು. ಎಪ್ಪತ್ತು ದಾಟಿದ ಅವನು ಮೊದಮೊದಲು ವಾದ ಮಾಡಿ ಸೋತ, ಆಮೇಲೆ ಉಪಾಯ ಕಂಡುಕೊಂಡ. "ಇವತ್ತು ಗುರುವಾರ ಅಲ್ವೇನಕ್ಕಾ" ಅನ್ನುವುದು. ಅವರ ಕಾಲದಲ್ಲಿ ಗುರುವಾರ ಶಾಲೆಗೆ ರಜೆ. ಆ ಒಂದು ಮಾತಿಗೆ ಜೆಲಿಯ ಮುಖ ಅರಳುತ್ತಿತ್ತು. ಗಂಟು ಬಿಚ್ಚಿ ಮೇಜಿನ ಮೇಲಿಟ್ಟು, ಹುರುಳಿಕಾಯಿ ಸುಲಿಯಲು ಕೂರುತ್ತಿದ್ದಳು. ಹೀಗೆ ಆ ಮನೆಯಲ್ಲಿ ಚಳಿಗಾಲ, ವಸಂತ, ಬೇಸಿಗೆ ಎಲ್ಲವೂ ಬರೀ ಗುರುವಾರವಾಗಿಯೇ ಕಳೆದಿದ್ದವು.

ಇವತ್ತು ಬೆಳಿಗ್ಗೆ ಅವಳು ಕೇಳಿದಾಗ ಅವನ ತಲೆ ಬೇರೆಲ್ಲೋ ಇತ್ತು. ಕೋಟೆಯ ಕೆಳಗಿನ ಗೂಟ ಯಾರೋ ಮುರಿದು ಹಾಕಿದ್ದರು, ಹೊಸದು ನೆಡಬೇಕಿತ್ತು. "ಇವತ್ತೇನು ವಾರವೋ?" ಅಂದಳು ಜೆಲಿ. "ಸೋಮವಾರ" ಅಂದು ಅವನು ಬ್ರಷ್ ಹಿಡಿದು ಹೊರಗೆ ನಡೆದಿದ್ದ.

"ಈ ದಾರೀಲಿ ಅಲ್ಲ," ಅಂದ ಲೆಯೋನ್ಸ್, ಯಾರಿಗೂ ಅಲ್ಲದಂತೆ. "ಈ ದಾರಿ ಆಗ ಇರಲೇ ಇಲ್ಲ."

ಅವರು ಶಾಲೆಗೆ ಹೋಗುತ್ತಿದ್ದದ್ದು ಓಣಿಯಲ್ಲಿ. ಎರಡೂ ಕಡೆ ಏರಿ, ಏರಿಯ ಮೇಲೆ ಓಕ್ ಮರ, ಮುಳ್ಳುಪೊದೆ, ನಡುವೆ ಗಾಡಿಯ ಚಕ್ರ ಕೊರೆದು ಆಳವಾದ ನೆಲ. ಹಗಲಲ್ಲೂ ನೆರಳು, ಚಳಿಗಾಲದಲ್ಲಿ ಮೊಣಕಾಲ ತನಕ ಕೆಸರು. ಓಣಿಯ ತುದಿಯಲ್ಲಿ, ಬೇಲಿ ಹತ್ತಿ ದಾಟಲು ಮೆಟ್ಟಿಲ ಹಾಗೆ ಇಟ್ಟ ಕಲ್ಲಿನ ತಡಮೆ. ಆಮೇಲೆ ಸರ್ಕಾರದವರು ಚೂರುಚೂರು ಹೊಲಗಳನ್ನೆಲ್ಲ ಒಟ್ಟುಗೂಡಿಸಿ ಹಂಚಿದ ವರ್ಷ ಬುಲ್ಡೋಜರ್ ಬಂತು. ಬೇಲಿ ಕಿತ್ತಿತು, ಮರ ಉರುಳಿಸಿತು, ಬೊಡ್ಡೆ ಕಲ್ಲು ಎಲ್ಲವನ್ನೂ ಓಣಿಗೇ ನೂಕಿ ಮೇಲೆ ಮಣ್ಣೆಳೆಯಿತು. ಆ ವರ್ಷ ಊರಲ್ಲಿ ಅಣ್ಣತಮ್ಮಂದಿರೇ ಮಾತು ಬಿಟ್ಟರು. ಲೆಯೋನ್ಸ್ ಯಾರ ಪಕ್ಷವೂ ಹಿಡಿಯಲಿಲ್ಲ. ಓಣಿಯ ಓಕ್ ಸೌದೆಯನ್ನು ಎಲ್ಲರಂತೆ ತಂದು ಒಲೆಗೆ ಹಾಕಿದ. ಈಗ ಆ ಜಾಗವೆಲ್ಲ ನೆರೆಯ ರೈತ ರೆಜಿಸನ ಒಂದೇ ಹೊಲ. ಹೊಲದ ತುಂಬ ಆಳುದ್ದ ಮೀರಿದ ಮುಸುಕಿನ ಜೋಳ.

ಹಾಗೆ ಅಂದುಕೊಳ್ಳುತ್ತಿರುವಾಗಲೇ ಅವನಿಗೆ ಆ ಸದ್ದು ಕೇಳಿಸಿತು. ಬೆಳಿಗ್ಗೆಯಿಂದ ಕೇಳುತ್ತಲೇ ಇತ್ತು. ಕೊಯ್ಲಿನ ಕಾಲದಲ್ಲಿ ಅದು ಗಾಳಿಯ ಸದ್ದಿನ ಹಾಗೆ, ಯಾರೂ ಕಿವಿಗೊಡುವುದಿಲ್ಲ. ರೆಜಿಸನ ಹೊಲದಲ್ಲಿ ಜೋಳದ ದಂಟು ಕೊಯ್ದು ನುಚ್ಚು ಮಾಡುವ ಯಂತ್ರ ಓಡುತ್ತಿತ್ತು.

ಅವನು ಓಡಿದ. ಓಡಿದ ಅನ್ನುವುದು ಮಾತಿಗೆ, ಬಲಮೊಣಕಾಲು ಕೆಟ್ಟು ಎಷ್ಟೋ ಕಾಲವಾಗಿತ್ತು. ಗೇಟಿನ ಹತ್ತಿರ, ಈ ಕಡೆ ಹೋಗಬಾರದು ಅಂತ ತಾನೇ ಬಳಿದ ಅಡ್ಡಗೆರೆಯನ್ನು ದಾಟಿ ಹೊಲಕ್ಕಿಳಿದ. ಕೊಯ್ದ ಕೂಳೆ ಒಂದೊಂದೂ ಗೂಟದ ಹಾಗೆ ಕಾಲಿಗೆ ಚುಚ್ಚಿತು. ಎರಡು ಸಲ ಬಿದ್ದ. ಹೊಲದ ಎರಡೂ ಅಂಚು ಬೋಳಾಗಿದ್ದವು, ನಡುವೆ ಒಂದು ದಪ್ಪ ಪಟ್ಟಿಯಷ್ಟೇ ಉಳಿದಿತ್ತು. ಅದರೊಳಗಿಂದ ಒಂದು ಮೊಲ ಚಂಗನೆ ಹಾರಿ, ಅವನ ಕಾಲ ಪಕ್ಕದಲ್ಲೇ ಓಡಿಹೋಯಿತು. ಕೊನೆಯ ಪಟ್ಟಿಯೊಳಗೆ ಅಡಗಿದ್ದ ಜೀವವೆಲ್ಲ ಹೀಗೇ ಹೊರಬೀಳುವುದು, ಓಡಬಲ್ಲದ್ದಾದರೆ.

"ನಿಲ್ಸು! ನಿಲ್ಸೋ ರೆಜಿಸ್!"

ಯಂತ್ರ ಉಗುಳುವ ನುಚ್ಚು ತುಂಬಿಕೊಳ್ಳಲು ಪಕ್ಕದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ ರೆಜಿಸನಿಗೆ ಮೊದಲು ಕಂಡದ್ದು ಟೊಪ್ಪಿಗೆ ಬೀಸುತ್ತ ಯಂತ್ರದ ಮುಂದಕ್ಕೆ ಹೋಗುತ್ತಿದ್ದ ಮುದುಕ. ರೆಜಿಸ್ ಯಂತ್ರ ಓಡಿಸುತ್ತಿದ್ದವಳ ಕಡೆ ಕೈ ಎತ್ತಿ ಸನ್ನೆ ಮಾಡಿದ. ಯಂತ್ರ ಒಂದು ಸಲ ಜಗ್ಗಿ ನಿಂತಿತು.

"ಏನ್ ಲೆಯೋನ್ಸಣ್ಣ, ಸಾಯಕ್ಕೆ ನನ್ನ ಹೊಲಾನೇ ಬೇಕಿತ್ತಾ ನಿಂಗೆ?" ರೆಜಿಸ್ ಬೈಯುತ್ತಲೇ ಇಳಿದ. "ಸಂಜೆಗೆ ಮಳೆ ಅಂತ ರೇಡಿಯೋದವನು ಬೊಬ್ಬೆ ಹೊಡೀತಿದಾನೆ. ಈ ಮಿಷನ್ನು ನಾಳೆ ಇನ್ನೊಬ್ಬರ ಹೊಲಕ್ಕೆ ಹೋಗತ್ತೆ."

"ಜೆಲಿ ಒಳಗಿದಾಳೆ."

"ಯಾವ ಒಳಗೆ?"

"ಜೋಳದೊಳಗೆ."

ರೆಜಿಸ್ ಹಿಂದೆ ತಿರುಗಿ ಹೊಲ ನೋಡಿದ. ಕೊಯ್ದದ್ದೇ ಹೆಚ್ಚು, ಉಳಿದದ್ದು ಕಡಿಮೆ. "ಅದ್ಯಾಕೆ ಹೋಗ್ತಾಳೆ ಜೆಲಿಯಕ್ಕ ಇದರೊಳಗೆ? ಯಾರು ಕಂಡೋರು?"

"ಯಾರೂ ಕಂಡಿಲ್ಲ. ಇದರೊಳಗೆ ದಾರಿ ಇದೆ."

"ನನ್ನ ಹೊಲ ನಂಗೆ ಗೊತ್ತಿಲ್ವಾ? ಎಲ್ಲೀ ದಾರಿ?"

"ನಿಮ್ಮಪ್ಪನ್ನ ಕೇಳಬೇಕಿತ್ತು," ಅಂದ ಲೆಯೋನ್ಸ್. ಅವನಿಗೆ ಉಸಿರು ಸಿಗುತ್ತಿರಲಿಲ್ಲ. "ನೀನಾಗ ತೊಟ್ಟಿಲಲ್ಲಿದ್ದೆ."

ಯಂತ್ರ ಓಡಿಸುತ್ತಿದ್ದವಳು ಮಗಾಲಿ ಅನ್ನುವ ಹುಡುಗಿ, ಗುತ್ತಿಗೆಯವರ ಕಡೆಯವಳು. ಅವಳು ಎಂಜಿನ್ ಆರಿಸಿ ಕೆಳಗಿಳಿದಳು. ಯಂತ್ರದ ಮುಂದೆ ಹೋಗಿ ಮಂಡಿಯೂರಿ, ದಂಟನ್ನು ಒಳಗೆಳೆಯುವ ಹಲ್ಲುಗಳನ್ನು ಒಂದೊಂದಾಗಿ ನೋಡತೊಡಗಿದಳು. ಅವಳು ಏನು ಹುಡುಕುತ್ತಿದ್ದಾಳೆಂದು ಗಂಡಸರಿಬ್ಬರಿಗೂ ಅರ್ಥವಾಯಿತು. ರೆಜಿಸ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ.

ಎಡಗಡೆಯ ಹಲ್ಲಿನ ಸಂದಿಯಲ್ಲಿ ಏನೋ ನೀಲಿ ಸಿಕ್ಕಿಕೊಂಡಿತ್ತು.

ಲೆಯೋನ್ಸ್ ಅಲ್ಲೇ ಕೂಳೆಯ ಮೇಲೆ ಕೂತುಬಿಟ್ಟ. ಅಪ್ಪ ಅಮ್ಮ ಸತ್ತ ಮೇಲೆ ಒಂದೇ ಒಲೆಯ ಮುಂದೆ ಎದುರುಬದರು ಕೂತು ಕಳೆದ ಸಂಜೆಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಸೋಮವಾರ ಅನ್ನುವ ಒಂದು ಮಾತು ಮಾತ್ರ ತಲೆಯೊಳಗೆ ಗಾಣದೆತ್ತಿನ ಹಾಗೆ ಸುತ್ತಿತು. ಮಗಾಲಿ ಚಾಕು ತೆಗೆದು ಕೊಯ್ದಳು, ಎಳೆದಳು. ಅದು ಉದ್ದಕ್ಕೆ ಬಂತು.

"ದಾರ," ಅಂದಳು. "ಹುಲ್ಲುಹೊರೆ ಕಟ್ಟೋ ಪ್ಲಾಸ್ಟಿಕ್ ದಾರ, ತಾತ. ನೋಡಿ. ಬರೀ ದಾರ."

ಅವನ ಕೈಗೇ ಕೊಟ್ಟಳು. ಅವನು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

"ಆ ನಿಮ್ಮ ದಾರಿ," ಅಂದಳು ಮಗಾಲಿ, "ಆ ಓಕ್ ಮರದಿಂದ ಇಗರ್ಜಿ ಗೋಪುರದ ಕಡೆ ನೆಟ್ಟಗೆ ಹೋಗ್ತಿತ್ತಾ?"

ಅವನು ತಲೆಯೆತ್ತಿದ. ಹೊಲದ ತಲೆಯಲ್ಲಿ ಒಂದೇ ಒಂದು ಓಕ್ ಉಳಿದಿತ್ತು. ಅದರ ಪೊಟರೆಯಲ್ಲಿ ದೇವಮಾತೆಯ ಮೂರ್ತಿ ಇದ್ದದ್ದರಿಂದ ಅದನ್ನು ಕಡಿಯಲು ಬುಲ್ಡೋಜರಿನವನಿಗೆ ಕೈ ಬಂದಿರಲಿಲ್ಲ. ಇನ್ನೊಂದು ಕಡೆ, ದೂರದಲ್ಲಿ, ವೆರ್ನೆಯ ಇಗರ್ಜಿಯ ತಿರುಚಿಕೊಂಡ ಕಪ್ಪು ಗೋಪುರ.

"ಹೌದು. ನಿಂಗೆ ಯಾರು ಹೇಳಿದ್ರು ಮಗಾ?"

"ಯಾರೂ ಇಲ್ಲ. ಪ್ರತಿ ವರ್ಷ ಮೇಲಿಂದ ಕಾಣತ್ತೆ. ಆ ಸಾಲಲ್ಲಿ ಜೋಳ ಕುಳ್ಳಗೆ, ಎಲೆ ಹಳದಿ. ಕೆಳಗೆ ಕಲ್ಲಿರಬೇಕು ಅನ್ಕೊಂಡಿದ್ದೆ." ಅವಳಾಗಲೇ ಯಂತ್ರದ ನೆತ್ತಿಗೆ ಹತ್ತುತ್ತಿದ್ದಳು. "ನೀವು ಒಳಗೆ ಹೋಗಿ. ನಾನಿಲ್ಲಿಂದ ಹೇಳ್ತೀನಿ."

ರೆಜಿಸ್ ತಾನೂ ಬರುತ್ತೇನೆಂದ. "ಬೇಡ," ಅಂದ ಲೆಯೋನ್ಸ್. "ನಿನ್ನ ನೋಡಿದ್ರೆ ಅವಳು ಓಡ್ತಾಳೆ. ನೀನ್ಯಾರು ಅಂತ ಅವಳಿಗೆ ಗೊತ್ತಿಲ್ಲ."

ಜೋಳದೊಳಗೆ ಹೊಕ್ಕರೆ ಆಕಾಶವೂ ಇಲ್ಲ, ಗೋಪುರವೂ ಇಲ್ಲ. ಎಲೆಯ ಅಂಚು ಕೆನ್ನೆ ಕೊಯ್ಯಿತು. "ಎಡಕ್ಕೆ" ಅಂತ ಮೇಲಿಂದ ಕೂಗು ಬಂತು, "ಇನ್ನೂ ಎಡಕ್ಕೆ, ಸಾಕು, ನೆಟ್ಟಗೆ". ಒಂದು ಕಡೆ ದಂಟು ಇದ್ದಕ್ಕಿದ್ದಂತೆ ತಲೆಮಟ್ಟಕ್ಕಿಳಿದವು. ಕಾಲಡಿಯ ನೆಲ ತುಸುವೇ ತಗ್ಗಾಯಿತು. ಅವನ ಕಣ್ಣಿಗಿಂತ ಮೊದಲು ಅವನ ಪಾದಕ್ಕೆ ಗೊತ್ತಾಯಿತು.

"ಜೆಲಿ!" ಅಂತ ಕರೆದ. ಮಣ್ಣಿನಲ್ಲಿ ಒಂದು ಮರದ ಎಕ್ಕಡ ಮಗುಚಿ ಬಿದ್ದಿತ್ತು. ಅದನ್ನೆತ್ತಿ ಕಂಕುಳಲ್ಲಿಟ್ಟುಕೊಂಡ. "ಜೆಲಿ! ಜೆಲಿ!" ಮುಂದೆ ಜೋಳ ಅಲ್ಲಾಡಿತು, ಅವಳಿಂದಲೋ ಗಾಳಿಗೋ ತಿಳಿಯಲಿಲ್ಲ. ಗಂಡಸಿನ ದನಿ ತನ್ನ ಹೆಸರು ಹಿಡಿದು ಕೂಗಿದರೆ ಆ ಓಣಿಯಲ್ಲಿ ನಡೆಯುವ ಹುಡುಗಿ ಯಾಕೆ ಓಗೊಡುತ್ತಾಳೆ? ಅವಿತುಕೊಳ್ಳುತ್ತಾಳೆ. ಅದು ಹೊಳೆದಾಗ ಅವನು ನಿಂತ. ಚಿಕ್ಕಂದಿನಲ್ಲಿ ಹಿಂದೆ ಉಳಿದು, ಕೆಸರಿನಲ್ಲಿ ಕಾಲು ಸಿಕ್ಕಿಸಿಕೊಂಡು, ದಿನಾ ಬೆಳಿಗ್ಗೆ ಕೂಗುತ್ತಿದ್ದ ಕೂಗನ್ನು ಮುದಿಗಂಟಲಿನಿಂದ ಹೊರಡಿಸಿದ.

"ಅಕ್ಕಾ, ನನ್ನ ಬಿಟ್ಟು ಹೋಗ್ಬೇಡ್ವೇ..."

ಎಲೆಗಳ ಸರಸರದ ನಡುವಿಂದ ಅವಳ ದನಿ ಬಂತು.

"ಮತ್ತೆ ಹಿಂದೆ ಉಳ್ಕೊಂಡ್ಯಾ? ಬೇಗ ಬಾರೋ, ಬಸವನಹುಳು."

ಜೆಲಿ ಒಂದು ದಂಟನ್ನು ಎರಡೂ ಕೈಯಲ್ಲಿ ತಬ್ಬಿ ನಿಂತಿದ್ದಳು. ಒಂದು ಕಾಲು ಬರಿದು, ಹೆಬ್ಬೆರಳಿನಿಂದ ರಕ್ತ. ಮುಖದ ತುಂಬ ಗೀರು. ಅತ್ತೂ ಅತ್ತೂ ಕಣ್ಣು ಕೆಂಪಗಾಗಿದ್ದವು. ಬುತ್ತಿಗಂಟು ಮಾತ್ರ ಕಂಕುಳಲ್ಲಿ ಭದ್ರವಾಗಿತ್ತು.

"ಬೇಲೀನೇ ಯಾರೋ ತಗೊಂಡು ಹೋಗಿದಾರೆ ಕಣೋ," ಅಂದಳು. "ತಡಮೆ ಸಿಕ್ತಿಲ್ಲ. ಆಗಿಂದ ಹುಡುಕ್ತಿದೀನಿ. ತಡಮೆ ಇಲ್ದೆ ಹೆಂಗೆ ದಾಟೋದು?"

"ಮನೆಗೆ ಹೋಗಣ ಬಾ ಅಕ್ಕಾ."

"ಸಿಸ್ಟರು?"

"ಇವತ್ತು ಗುರುವಾರ."

ಜೆಲಿ ಅವನನ್ನು ನೋಡಿದಳು. ನೋಟ ಚುರುಕಾಗಿತ್ತು. "ಸುಳ್ಳು ಹೇಳ್ತೀಯಾ? ಬೆಳಿಗ್ಗೆ ನೀನೇ ಸೋಮವಾರ ಅಂದೆ."

ಅವನು ಕೈ ಹಿಡಿಯಲು ಹೋದ. ಅವಳು ಬುತ್ತಿಗಂಟಿನಿಂದ ಅವನ ಎದೆಗೆ ಹೊಡೆದಳು. ಮತ್ತೆ ಹೊಡೆದಳು. ಒಳಗಿನ ಸೇಬು ಅವನ ಎಲುಬಿಗೆ ತಾಗಿತು. ದಂಟು ಬಿಟ್ಟು ಅಳುತ್ತ ಅತ್ತಿತ್ತ ತಡಕಾಡತೊಡಗಿದಳು, ಬರಿಗಾಲು ಮಣ್ಣಲ್ಲಿ ರಕ್ತದ ಗುರುತು ಬಿಡುತ್ತಿತ್ತು. ಇಷ್ಟು ದಿನ ಕಾಪಾಡಿದ ಗುರುವಾರ ಮುಗಿದುಹೋಗಿತ್ತು. ನಾಳೆ ಅವಳು ಮತ್ತೆ ಕೇಳುತ್ತಾಳೆ, ನಾಡಿದ್ದೂ ಕೇಳುತ್ತಾಳೆ. ಲೆಯೋನ್ಸನಿಗೆ ಅಲ್ಲೇ ಮಣ್ಣಿನ ಮೇಲೆ ಮಲಗಿಬಿಡೋಣ ಅನ್ನಿಸಿತು.

ಎಲ್ಲೋ ಮೇಲಿಂದ ಮಗಾಲಿ ಕೂಗಿದಳು, "ಸಿಕ್ಕಿದ್ರಾ ತಾತ?" ಅವನು ದಂಟಿನ ಸಾಲನ್ನೇ ನೋಡುತ್ತಿದ್ದ.

"ಇಲ್ಲಿದೆ ಅಕ್ಕಾ," ಅಂದ ಕೊನೆಗೆ. "ತಡಮೆ ಇಲ್ಲೇ ಇದೆ ನೋಡು."

ಹೊಲದ ಹೊರಕ್ಕೆ ಹೋಗುವ ಕಡೆ, ಎರಡು ದಂಟಿನ ನಡುವಿನ ಖಾಲಿ ಜಾಗವನ್ನು ತೋರಿಸಿದ. ಜೆಲಿ ಅಳು ನಿಲ್ಲಿಸಿದಳು. ಹತ್ತಿರ ಬಂದು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಬುತ್ತಿಗಂಟನ್ನು ಆ ಕಡೆ ನೆಲದ ಮೇಲೆ ಹುಷಾರಾಗಿ ಇಟ್ಟಳು. ನಿಲುವಂಗಿಯ ತುದಿಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಹಿಡಿದಳು. ಬರಿಗಾಲನ್ನು ಎತ್ತಿ, ಏನೂ ಇಲ್ಲದ ಕಡೆ ಇದ್ದ ಕಲ್ಲನ್ನು ದಾಟಿಸಿ ಇಳಿಸಿದಳು, ಆಮೇಲೆ ಇನ್ನೊಂದು ಕಾಲು. ಆ ಕಡೆ ನಿಂತು ಇತ್ತ ತಿರುಗಿ ಎರಡೂ ಕೈ ಚಾಚಿದಳು.

"ಬಾ. ಮೇಲಿನ ಕಲ್ಲು ಜಾರುತ್ತೆ, ನೋಡ್ಕೊಂಡು."

ಅವನು ಒಂದು ಕೈಯನ್ನು ಅವಳಿಗೆ ಕೊಟ್ಟ. ಇನ್ನೊಂದು ಕೈಯಲ್ಲಿ ತನ್ನ ಕೆಟ್ಟ ಮೊಣಕಾಲನ್ನು ಹಿಡಿದು ಕಾಲೆತ್ತಿದ.

"ಸಾಲದು," ಅಂದಳು ಜೆಲಿ. "ಇನ್ನೂ ಮೇಲೆ."

ಅವನು ಇನ್ನೂ ಮೇಲೆ ಎತ್ತಿದ.